ದನಿ, ಸಂಕಲನ, ಅಂಕಿತ: ಆದಿವಾಸಿ ಯುವಜನರ ಸ್ವಕಥನವನ್ನು ಓದುವ ಬಗೆ

೧. ಪ್ರವೇಶ

ಆದಿವಾಸಿಗಳನ್ನು ಕುರಿತು ಕನ್ನಡದಲ್ಲಿಯೂ ಇತರ ಭಾರತೀಯ ಭಾಷೆಗಳಲ್ಲಿಯೂ ಬರೆದವರು ಅನೇಕರು. ಅವರನ್ನು ಹಾಡಿದವರು, ರಂಗದ ಮೇಲೆ ಆಡಿ ತೋರಿಸಿದವರು, ಬೆಳ್ಳಿತೆರೆಗೆ ತಂದವರೂ ಅನೇಕರು. ಆದರೆ ಆ ಸಮುದಾಯಗಳ ತರುಣ ತರುಣಿಯರು ತಾವೇ ಧ್ವನಿಮುದ್ರಣ ಯಂತ್ರವನ್ನು ಕೈಗೆತ್ತಿಕೊಂಡು, ತಾವೇ ಕ್ಯಾಮೆರಾದ ಹಿಂದೆ ನಿಂತು, ತಮ್ಮ ಕಥೆಯನ್ನು ತಾವೇ ಹೇಳತೊಡಗಿದುದು ಈಚಿನ ಕೆಲವು ದಶಕಗಳ ಸಂಗತಿ. ಈ ಸಂಗತಿಯನ್ನು ಕನ್ನಡದ ಸಂಶೋಧಕರು, ಅದರಲ್ಲಿಯೂ ಕರ್ನಾಟಕದ ಹೊರಗಿದ್ದುಕೊಂಡು ಕನ್ನಡ ಸಂಸ್ಕೃತಿಯನ್ನು ಅಭ್ಯಸಿಸುವವರು, ಯಾವ ಮಾನದಂಡಗಳಿಂದ ನೋಡಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ಒಂದೇ: ಕ್ಯಾಮೆರಾ ಯಾರ ಕೈಯಲ್ಲಿದೆ? ಪ್ರಶ್ನೆ ಸಹಜವಾದುದೇ ಹೌದು. ಆದರೆ ಅಷ್ಟೇ ಸಾಲದು. ನಮ್ಮ ಮಧ್ಯಕಾಲೀನ ಸಾಹಿತ್ಯದ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯಾಗಿ ಜೋಡಿಸಿದಾಗ, ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ಮಾತುಗಳು ಒಂದು ಸಂವಾದದ ಅಂಗಗಳಾದುವು. ಮಾತು ಶರಣರದು, ಜೋಡಣೆ ಸಂಪಾದಕನದು. ಜೋಡಣೆಯಿಂದ ಅರ್ಥ ಹಲವೆಡೆ ಬದಲಾಯಿತು. ಆದರೂ ಪ್ರತಿಯೊಂದು ವಚನದ ಕೊನೆಯಲ್ಲಿ ಅದರ ಅಂಕಿತ ಉಳಿದುಕೊಂಡಿತು. ಆದುದರಿಂದಲೇ ಇಂದಿಗೂ ಯಾವ ಮಾತು ಯಾರದೆಂದು ಬಿಡಿಸಿ ನೋಡಲು ನಮಗೆ ಸಾಧ್ಯವಾಗಿದೆ. ಹೀಗೆ ಒಂದು ಕಥನದಲ್ಲಿ ಮೂರು ಅಧಿಕಾರಗಳು ಅಡಗಿರುತ್ತವೆ. ಮಾತನಾಡುವ ದನಿಯ ಅಧಿಕಾರ, ಮಾತುಗಳನ್ನು ಹಿಂದುಮುಂದು ಮಾಡಿ ಕೂಡಿಸುವ ಸಂಕಲನದ ಅಧಿಕಾರ, ಇದು ಇಂಥವರದು ಎಂದು ಗುರುತಿಸುವ ಅಂಕಿತದ ಅಧಿಕಾರ. ಚಲನಚಿತ್ರಕ್ಕೂ ಧ್ವನಿಮುದ್ರಣಕ್ಕೂ ಈ ಮೂರೂ ಅನ್ವಯಿಸುತ್ತವೆ. ಒಂದು ಸಮುದಾಯ ತನ್ನ ಕಥೆಯನ್ನು ತಾನೇ ಹೇಳಿತು ಎನ್ನಬೇಕಾದರೆ ಈ ಮೂರರಲ್ಲಿ ಎಷ್ಟು ಅದರ ವಶದಲ್ಲಿವೆ ಎಂಬುದನ್ನು ನೋಡಬೇಕು.

ವಿವೇಚನೆಯನ್ನು ಮುಂಬಯಿಯ ಉಪನಗರವಾದ ಚೆಂಬೂರಿನಿಂದ ಆರಂಭಿಸಲು ಕಾರಣವಿದೆ. ಆದಿವಾಸಿಯನ್ನು ವೇಷವಾಗಿ ಬಳಸಿದ ಚಿತ್ರೋದ್ಯಮವೂ, ಆದಿವಾಸಿಯ ಕಥೆಗೆ ಕಿವಿಗೊಟ್ಟ ಸಂಶೋಧನ ಸಂಸ್ಥೆಯೂ ಇಲ್ಲಿ ಒಂದೇ ಪರಿಸರದಲ್ಲಿ ಬೆಳೆದುವು. ಜೊತೆಗೆ, ಕನ್ನಡಿಗರು ದೊಡ್ಡ ನಗರವೊಂದರಲ್ಲಿ ಅಲ್ಪಸಂಖ್ಯಾತ ಭಾಷಿಕರಾಗಿ ಬಾಳಿದ ಪ್ರದೇಶವೂ ಇದಾಗಿದೆ. ಈ ಕೊನೆಯ ಅಂಶದ ಮಹತ್ವ ಲೇಖನದ ಉತ್ತರಾರ್ಧದಲ್ಲಿ ಸ್ಪಷ್ಟವಾಗುವುದು.

೨. ವೇಷವಾಗಿ ಬಂದ ಕಾಡು

ಚೆಂಬೂರಿನ ಸ್ಟುಡಿಯೋ ಎಂದೊಡನೆ ಎಲ್ಲರಿಗೂ ನೆನಪಾಗುವುದು ರಾಜ್ ಕಪೂರರ ಆರ್.ಕೆ. ಸ್ಟುಡಿಯೋ. ೨೦೧೭ರಲ್ಲಿ ಬೆಂಕಿಗೆ ಸಿಕ್ಕು, ೨೦೧೯ರಲ್ಲಿ ಕಟ್ಟಡ ನಿರ್ಮಾಣ ಸಂಸ್ಥೆಯೊಂದಕ್ಕೆ ಮಾರಾಟವಾಗಿ ಅದು ಚರಿತ್ರೆಗೆ ಸೇರಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು ಹೋಮಿ ವಾಡಿಯಾ ಅವರು ೧೯೪೭ರಲ್ಲಿ ಚೆಂಬೂರಿನಲ್ಲಿ ಸ್ಥಾಪಿಸಿದ ಬಸಂತ್ ಸ್ಟುಡಿಯೋ. ವಾಡಿಯಾ ಸೋದರರು ಸಾಹಸ ಚಿತ್ರಗಳಿಗೆ ಹೆಸರಾದವರು. ೧೯೩೭ರಷ್ಟು ಹಿಂದೆಯೇ ‘ತೂಫಾನಿ ಟಾರ್ಜಾನ್’ ಚಿತ್ರವನ್ನು ತೆಗೆದಿದ್ದ ಹೋಮಿ ವಾಡಿಯಾ, ೧೯೫೮ರಲ್ಲಿ ‘ಜಿಂಬೋ’ ಎಂಬ ವರ್ಣಚಿತ್ರವನ್ನು ನಿರ್ದೇಶಿಸಿದರು. ಕಾಡಿನಲ್ಲಿ ಬೆಳೆದ ವೀರ, ಅವನ ಸಂಗಡಿಗ ಪ್ರಾಣಿಗಳು, ನಗರದಿಂದ ಬರುವ ನಾಯಕಿ ಎಂಬ ಈ ಮಾದರಿಯಲ್ಲಿ ಕಾಡು ಒಂದು ರಂಗಸಜ್ಜಿಕೆ. ಅಲ್ಲಿನ ಜನ ಭಾಲೆ ಹಿಡಿದು, ಮೈಗೆ ಬಣ್ಣ ಬಳಿದುಕೊಂಡು ಗುಂಪಾಗಿ ಕುಣಿಯುವ ಹಿನ್ನೆಲೆ. ಅವರಿಗೆ ಭಾಷೆ ಇರಲಿಲ್ಲ. ಇದ್ದುದು ಕೂಗು ಮಾತ್ರ. ನಗರದಿಂದ ಕೆಲವೇ ಹರದಾರಿಗಳ ದೂರದಲ್ಲಿ ವಾರ್ಲಿ, ಠಾಕರ, ಕಾತಕರಿ ಮೊದಲಾದ ಸಮುದಾಯಗಳು ಬಾಳುತ್ತಿದ್ದರೂ, ತೆರೆಯ ಮೇಲಿನ ಕಾಡುಜನರಿಗೂ ಅವರಿಗೂ ಸಂಬಂಧವಿರಲಿಲ್ಲ.

ಇದನ್ನು ಕೇವಲ ಅಗ್ಗದ ಮನರಂಜನೆಯ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಶಿಷ್ಟ ಕಾವ್ಯಪರಂಪರೆಯಲ್ಲಿಯೂ ಕಾಡಿನವನು ಅನೇಕ ವೇಳೆ ವೇಷವಾಗಿಯೇ ಬರುತ್ತಾನೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನೊಡನೆ ಹೋರಾಡುವ ಕಿರಾತ ನಿಜವಾಗಿ ಕಿರಾತನಲ್ಲ, ಕಿರಾತವೇಷದ ಶಿವ. ವೇಷ ಕಳಚಿದಾಗ ಬೇಡ ಮರೆಯಾಗಿ ದೇವರು ಉಳಿಯುತ್ತಾನೆ. ಹರಿಹರನ ಕಣ್ಣಪ್ಪ ಇದಕ್ಕಿಂತ ಭಿನ್ನ. ಅವನು ನಿಜವಾದ ಬೇಡ. ಅವನ ಬೇಟೆ, ಅವನ ಎಂಜಲ ನೈವೇದ್ಯ, ಅವನ ಮುಗ್ಧತೆ ಎಲ್ಲವೂ ಕವಿಗೆ ಪೂಜ್ಯ. ಆದರೂ ಕಥೆಯನ್ನು ಹೇಳುತ್ತಿರುವವನು ಶಿವಭಕ್ತಕವಿ; ಬೇಡನ ಬದುಕು ಭಕ್ತಿಯ ಮಹಿಮೆಗೆ ದೃಷ್ಟಾಂತ. ಇದೇ ಕಣ್ಣಪ್ಪನ ಕಥೆಯಿಂದಲೇ ೧೯೫೪ರಲ್ಲಿ, ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ, ರಾಜಕುಮಾರ್ ನಾಯಕನಟರಾದರು ಎಂಬುದು ಗಮನಾರ್ಹ. ಕನ್ನಡ ಚಿತ್ರರಂಗದ ಅತ್ಯಂತ ಪ್ರಭಾವಶಾಲಿ ನಟನ ಮೊದಲ ಮುಖವೇ ಕಾಡಿನವನ ಮುಖ. ಮರಾಠಿಯಲ್ಲಿ ಗೋ.ನೀ. ದಾಂಡೇಕರರ ಕಾದಂಬರಿಯನ್ನು ಆಧರಿಸಿ ಜಬ್ಬಾರ್ ಪಟೇಲರು ೧೯೭೭ರಲ್ಲಿ ನಿರ್ದೇಶಿಸಿದ ‘ಜೈತ್ ರೇ ಜೈತ್’ ಠಾಕರ ಸಮುದಾಯದ ಬದುಕನ್ನು ಆದರದಿಂದ ಚಿತ್ರಿಸಿತು. ಅದರ ಹಾಡುಗಳು ಇಂದಿಗೂ ಜನಪ್ರಿಯ. ವೇಷದಿಂದ ಆದರದ ಕಡೆಗೆ ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ನಮ್ಮ ಮೂರು ಮಾನದಂಡಗಳನ್ನು ಇಟ್ಟು ನೋಡಿದರೆ ಇಲ್ಲಿಯೂ ದನಿ, ಸಂಕಲನ, ಅಂಕಿತ ಮೂರೂ ಹೊರಗಿನವರವೇ.

೩. ದೇವನಾರದಿಂದ ವಾರ್ಲಿ ನಾಡಿಗೆ

ಚೆಂಬೂರಿಗೆ ತಾಗಿಕೊಂಡಿರುವ ದೇವನಾರಿಗೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ೧೯೫೪ರಲ್ಲಿ ಸ್ಥಳಾಂತರಗೊಂಡಿತು. ಈ ಸಂಸ್ಥೆಯ ಮಾಧ್ಯಮ ವಿಭಾಗದಲ್ಲಿ ದುಡಿದ ಅಂಜಲಿ ಮೊಂತೇರೊ ಮತ್ತು ಕೆ.ಪಿ. ಜಯಶಂಕರ್ ೧೯೯೫ರಲ್ಲಿ ‘ಕಹಂಕಾರ್: ಅಹಂಕಾರ್’ ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿದರು. ವಾರ್ಲಿಗಳ ಕಥೆಗಳನ್ನೂ ಚಿತ್ರಗಳನ್ನೂ ಒಂದು ಕಡೆ, ಅವರನ್ನು ಕುರಿತು ಹೊರಗಿನವರು ಬರೆದುದನ್ನು ಇನ್ನೊಂದು ಕಡೆ ಇರಿಸಿ, ಎರಡನ್ನೂ ಎದುರುಬದುರಾಗಿ ನೋಡುವಂತೆ ಮಾಡಿದುದು ಈ ಚಿತ್ರದ ವಿಶೇಷ. ವಾರ್ಲಿಯ ಪುರಾಣಕಥೆಯಲ್ಲಿ ಒಂದು ಲೋಕದೃಷ್ಟಿ ಇದೆ. ಹೊರಗಿನವರ ಬರಹದಲ್ಲಿ ಅದೇ ಜನ ‘ಹಿಂದುಳಿದವರು’, ‘ಸುಧಾರಿಸಬೇಕಾದವರು’. ಎರಡನ್ನೂ ಅಕ್ಕಪಕ್ಕದಲ್ಲಿ ಕೇಳಿದ ಪ್ರೇಕ್ಷಕನಿಗೆ, ಕಥೆ ಕಟ್ಟುತ್ತಿರುವವರು ಯಾರು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಸಂಕಲನ ಇಲ್ಲಿಯೂ ಹೊರಗಿನವರದೇ. ಆದರೆ ಸಂಕಲನ ಎಂಬುದೊಂದು ಅಧಿಕಾರ ಎಂಬುದನ್ನು ಚಿತ್ರವೇ ಬಯಲಿಗಿಡುತ್ತದೆ. ಜಿಂಬೋವಿನ ಚೆಂಬೂರಿಗೂ ಈ ಚಿತ್ರಕ್ಕೂ ಭೌಗೋಳಿಕವಾಗಿ ಇರುವ ಅಂತರ ಅತ್ಯಲ್ಪ. ಬೌದ್ಧಿಕವಾಗಿ ಇರುವ ಅಂತರ ಬಹಳ.

ವಾರ್ಲಿಗಳು ಮುಖ್ಯವಾಗಿ ವಾಸಿಸುವುದು ಡಹಾಣು, ತಲಾಸರಿ, ಜವಾರ್ ಮೊದಲಾದ ತಾಲೂಕುಗಳಲ್ಲಿ. ಇವು ಮೊದಲು ಠಾಣೆ ಜಿಲ್ಲೆಯಲ್ಲಿದ್ದು ೨೦೧೪ರಿಂದ ಪಾಲಘರ್ ಜಿಲ್ಲೆಗೆ ಸೇರಿವೆ. ಮದುವೆಯ ವೇಳೆ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚೌಕ ಬರೆಯುವವರು ಮುತ್ತೈದೆಯರು. ಆ ಸಂದರ್ಭದಲ್ಲಿ ಹಾಡುವವಳು ಧವಳೇರಿ. ಚಿತ್ರವೂ ಹಾಡೂ ಒಂದೇ ಆಚರಣೆಯ ಎರಡು ಮುಖಗಳು. ೧೯೭೦ರ ದಶಕದಲ್ಲಿ ಚಿತ್ರ ಗೋಡೆಯನ್ನು ಬಿಟ್ಟು ಕಾಗದಕ್ಕೆ ಬಂದಿತು. ಜಿವ್ಯಾ ಸೋಮಾ ಮಾಶೆ (೧೯೩೪–೨೦೧೮) ಅವರ ಹೆಸರು ಜಗತ್ತಿಗೆ ಪರಿಚಿತವಾಯಿತು; ೨೦೧೧ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಧವಳೇರಿಯ ಹಾಡು ಗೋಡೆಯ ಬಳಿಯಲ್ಲಿಯೇ ಉಳಿಯಿತು. ಕೊಳ್ಳುವವರಿಗೆ ಚಿತ್ರ ಬೇಕಾಗಿತ್ತು, ದನಿ ಬೇಕಾಗಿರಲಿಲ್ಲ. ಮುಂದೆ ವಾರ್ಲಿ ಆಕೃತಿಗಳು ಸೀರೆ, ಚೀಲ, ಲೋಟಗಳ ಮೇಲೆಲ್ಲ ಹರಡಿದಾಗ ಅಂಕಿತವೂ ಕಳೆದುಹೋಯಿತು. ಅದನ್ನು ಮರಳಿ ಪಡೆಯಲು ಮುಂದಾದವರು ಆ ಸಮುದಾಯದ ಯುವಜನರೇ. ಆದಿವಾಸಿ ಯುವ ಸೇವಾ ಸಂಘದ ಅರ್ಜಿಯ ಮೇರೆಗೆ ೨೦೧೪ರಲ್ಲಿ ವಾರ್ಲಿ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅಂಕಿತಕ್ಕಾಗಿ ನಡೆದ ಹೋರಾಟ.

ಮುಂಬಯಿ ನಗರದೊಳಗೇ ಆರೆ ಕಾಲನಿಯ ಪಾಡಾಗಳಲ್ಲಿ ಆದಿವಾಸಿಗಳು ನೆಲೆಸಿದ್ದಾರೆ. ೨೦೧೯ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್ಶೆಡ್ಡಿಗಾಗಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದಾಗ ದೇಶದ ಗಮನ ಅತ್ತ ಹೊರಳಿತು. ಆ ವಿವಾದ ತೀವ್ರವಾಗಿದ್ದ ದಿನಗಳಲ್ಲಿ ‘ಸ್ವದೇಸಿ’ ಎಂಬ ಮುಂಬಯಿಯ ರ‍್ಯಾಪ್ ತಂಡ, ಆರೆಯ ಕೆಲ್ತಿಪಾಡಾದ ಪ್ರಕಾಶ್ ಭೋಯಿರ್ ಅವರ ಹಾಡನ್ನು ಸೇರಿಸಿಕೊಂಡು ‘ದಿ ವಾರ್ಲಿ ರಿವೋಲ್ಟ್’ ಎಂಬ ಗೀತೆಯನ್ನು ಹೊರತಂದಿತು. ೧೯೪೫ರಲ್ಲಿ ಆರಂಭವಾದ ವಾರ್ಲಿ ರೈತರ ಬಂಡಾಯವನ್ನು ಶೀರ್ಷಿಕೆಯೇ ನೆನಪಿಸುತ್ತದೆ. ಇಲ್ಲಿ ಹಿರಿಯ ಆದಿವಾಸಿಯ ದನಿಯೂ ನಗರದ ತರುಣರ ಲಯವೂ ಕೂಡಿವೆ. ಸಂಕಲನ ತಂಡದ್ದು, ಅಂಕಿತ ಇಬ್ಬರದೂ. ಸಂಪೂರ್ಣ ಸ್ವಕಥನ ಇದಲ್ಲ. ಆದರೂ ಹಾಡುಗಾರನ ಹೆಸರು ಹಾಡಿನೊಡನೆಯೇ ಪಯಣಿಸುವ ಒಪ್ಪಂದವೊಂದು ಇಲ್ಲಿ ಏರ್ಪಟ್ಟಿದೆ.

೪. ಸ್ವಂತ ಸಂಕಲನದ ಕಡೆಗೆ

ಹೊರಗಿನವರು ಕಲಿಸಿಕೊಟ್ಟರೆ ಸಮುದಾಯದವರು ತಮ್ಮದೇ ರೀತಿಯಲ್ಲಿ ಚಿತ್ರ ತೆಗೆಯುವರೇ? ಈ ಪ್ರಶ್ನೆಯನ್ನು ಮೊದಲಿಗೆ ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಅಮೆರಿಕದ ಸಾಲ್ ವರ್ತ್ ಮತ್ತು ಜಾನ್ ಅಡೇರ್. ೧೯೬೬ರಲ್ಲಿ ಅರಿಜೋನಾದ ಪೈನ್ ಸ್ಪ್ರಿಂಗ್ಸ್ ಎಂಬಲ್ಲಿ ಅವರು ನವಾಹೋ ಜನರಿಗೆ ಕ್ಯಾಮೆರಾ ಬಳಕೆಯನ್ನೂ ಸಂಕಲನವನ್ನೂ ಕಲಿಸಿದರು. ೧೯೭೨ರಲ್ಲಿ ಆ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆ ಚಿತ್ರಗಳಲ್ಲಿ ಕಂಡುಬಂದ ಒಂದು ಲಕ್ಷಣ ಪ್ರಸಿದ್ಧವಾಗಿದೆ. ನೇಯುವುದನ್ನು ಕುರಿತ ಚಿತ್ರದಲ್ಲಿ ಕೂಡ ನೇಯುವುದಕ್ಕಿಂತ ಹೆಚ್ಚಾಗಿ ನಡೆಯುವುದಕ್ಕೆ, ಬೇಕಾದ ವಸ್ತುಗಳನ್ನು ಅರಸಿ ಹೋಗುವುದಕ್ಕೆ ಸ್ಥಾನವಿತ್ತು. ನಗರದ ಸಂಕಲನಕಾರ ಕತ್ತರಿಸಿ ಎಸೆಯುವ ನಡಿಗೆ ನವಾಹೋ ಕಥನಕ್ರಮದಲ್ಲಿ ಕಥೆಯ ತಿರುಳಾಗಿತ್ತು. ಮುಖವನ್ನು ತೀರ ಸಮೀಪದಿಂದ ತೋರಿಸುವುದನ್ನೂ ಅವರು ಬಹುಮಟ್ಟಿಗೆ ದೂರವಿಟ್ಟರು. ಸಂಕಲನ ಎಂಬುದು ಬರಿಯ ತಂತ್ರವಲ್ಲ, ಅದೊಂದು ವ್ಯಾಕರಣ ಎಂಬುದು ಇದರಿಂದ ಸಿದ್ಧವಾಯಿತು. ಮುಂದೆ ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿಯೂ ಇಂತಹ ಯತ್ನಗಳು ನಡೆದುವು. ೨೦೦೪ರಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ‘ವಾಪಿಕೋನಿ’ ಎಂಬ ಸಂಚಾರಿ ಸ್ಟುಡಿಯೋ ಮೂಲನಿವಾಸಿ ತರುಣರ ಹಳ್ಳಿಗಳಿಗೆ ಚಲನಚಿತ್ರದ ಸಲಕರಣೆಯನ್ನೂ ಧ್ವನಿಮುದ್ರಣದ ಸಲಕರಣೆಯನ್ನೂ ಒಟ್ಟಿಗೆ ಕೊಂಡೊಯ್ಯುತ್ತಿದೆ.

ಭಾರತದಲ್ಲಿ ಈ ದಿಕ್ಕಿನ ಮುಖ್ಯ ಕೆಲಸ ಜಾರ್ಖಂಡದಿಂದ ಬಂದಿತು. ಕುಡುಖ್ ಭಾಷಿಕ ಸಮುದಾಯದ ಬಿಜು ಟೊಪ್ಪೊ ಅವರು ಮೇಘನಾಥರೊಡನೆ ‘ಅಖಡಾ’ ತಂಡದಲ್ಲಿ ಗಣಿಗಾರಿಕೆ, ಕಾರ್ಖಾನೆ, ನಿರಾಶ್ರಿತರ ಬವಣೆಗಳನ್ನು ಕುರಿತು ಚಿತ್ರಗಳನ್ನು ತೆಗೆದರು. ಅಖಡಾ ಎಂದರೆ ಅಲ್ಲಿನ ಊರಿನ ನಡುವಣ ಕುಣಿತದ ಕಣ. ಹಾಡೂ ಹರಟೆಯೂ ನ್ಯಾಯತೀರ್ಮಾನವೂ ನಡೆಯುವ ಜಾಗ. ಸ್ಪಂಜ್ ಕಬ್ಬಿಣದ ಕಾರ್ಖಾನೆಗಳ ಮಾಲಿನ್ಯವನ್ನು ಕುರಿತ ಅವರ ‘ಲೋಹಾ ಗರಂ ಹೈ’ ೨೦೧೦ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ಪಡೆಯಿತು. ೨೦೧೧ರಲ್ಲಿ ಟೊಪ್ಪೊ ‘ಸೋನಾ ಗಹಿ ಪಿಂಜರಾ’ ಎಂಬ ಕಿರುಚಿತ್ರವನ್ನು ಕುಡುಖ್ ಭಾಷೆಯಲ್ಲಿಯೇ ನಿರ್ಮಿಸಿದರು. ಕುಡುಖ್ ಉತ್ತರ ದ್ರಾವಿಡ ಭಾಷೆ, ಕನ್ನಡದ ದೂರದ ದಾಯಾದಿ ಎಂಬುದನ್ನು ನಮ್ಮ ಓದುಗರು ನೆನೆಯಬಹುದು.

ಧ್ವನಿಯ ದೃಷ್ಟಿಯಿಂದ ಅತ್ಯಂತ ಗಮನಾರ್ಹರಾದವರು ಒಡಿಶಾದ ಮಯೂರ್‌ಭಂಜ್ ಕಡೆಯ ಹೋ ಸಮುದಾಯದ ಲಿಪಿಕಾ ಸಿಂಗ್ ದರಾಯಿ. ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಅವರು ಕಲಿತದ್ದು ಧ್ವನಿಗ್ರಹಣ. ‘ಗಾರುಡ್’ ಎಂಬ ಕಿರುಚಿತ್ರದ ಧ್ವನಿಗ್ರಹಣಕ್ಕೆ ಮೊದಲ ರಾಷ್ಟ್ರ ಪ್ರಶಸ್ತಿ ಪಡೆದರು. ೨೦೧೨ರ ‘ಏಕ ಗಛ ಏಕ ಮಣಿಷ ಏಕ ಸಮುದ್ರ’ ಚಿತ್ರದಲ್ಲಿ ತಮ್ಮ ಸಂಗೀತಗುರುವಿನ ನೆನಪನ್ನು ಅರಸಿ ಹೊರಟರು. ಅನಂತರದ ‘ಕಂಕೀ ಓ ಸಾಪೊ’ ಚಿತ್ರಕ್ಕೆ ದೊರೆತುದು ಅತ್ಯುತ್ತಮ ನಿರೂಪಣೆಯ ರಾಷ್ಟ್ರ ಪ್ರಶಸ್ತಿ. ಸಾಕ್ಷ್ಯಚಿತ್ರಗಳಲ್ಲಿ ಹಿನ್ನೆಲೆಯಿಂದ ಕೇಳಿಬರುವ ನಿರೂಪಕನ ದನಿ ದೀರ್ಘಕಾಲ ಸರ್ವಜ್ಞನ ದನಿಯಾಗಿತ್ತು; ಅಲ್ಲಿ ಕಾಣುವವರು ಆದಿವಾಸಿಗಳು, ಅರ್ಥ ಹೇಳುವವನು ಬೇರೊಬ್ಬ. ಆ ನಿರೂಪಣೆಯ ಸ್ಥಾನಕ್ಕೆ ಆದಿವಾಸಿ ಸಮುದಾಯದ ಯುವತಿಯೊಬ್ಬಳು ‘ನಾನು’ ಎಂದು ಬಂದು ನಿಂತುದು ಸಣ್ಣ ಬದಲಾವಣೆಯಲ್ಲ.

ಚಲನಚಿತ್ರಕ್ಕಿಂತ ಅಗ್ಗವಾದ ಮಾಧ್ಯಮ ಬರಿಯ ಧ್ವನಿ. ೨೦೧೦ರಲ್ಲಿ ಶುಭ್ರಾಂಶು ಚೌಧರಿ ಆರಂಭಿಸಿದ ‘ಸಿಜಿನೆಟ್ ಸ್ವರ’ ಇದಕ್ಕೆ ನಿದರ್ಶನ. ಛತ್ತೀಸಗಢದ ಗೊಂಡಿ ಭಾಷಿಕನೊಬ್ಬ ಸಾಮಾನ್ಯ ಮೊಬೈಲಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ ತನ್ನ ಮಾತನ್ನೋ ಹಾಡನ್ನೋ ದಾಖಲಿಸಬಹುದು. ಪರಿಶೀಲನೆಯ ಬಳಿಕ ಇತರರು ಅದೇ ರೀತಿ ಕರೆ ಮಾಡಿ ಕೇಳಬಹುದು. ಅಕ್ಷರ ಬೇಡ, ಪತ್ರಿಕೆ ಬೇಡ. ಕರೆ ಮಾಡಿದವನು ಮೊದಲು ಹೇಳುವುದು ತನ್ನ ಹೆಸರನ್ನೂ ಊರನ್ನೂ. ಅಂಕಿತ ದನಿಯೊಳಗೇ ಇರುತ್ತದೆ.

೫. ಕನ್ನಡದ ಆಸುಪಾಸಿನಲ್ಲಿ

ಕರ್ನಾಟಕದ ಪರಿಸ್ಥಿತಿಯನ್ನು ಹೊರರಾಜ್ಯದ ಸಂಶೋಧಕರು ಅರಿಯುವಾಗ ಒಂದು ಎಚ್ಚರಿಕೆ ಅಗತ್ಯ. ೨೦೧೧ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು ೪೨.೫ ಲಕ್ಷ. ಇದರಲ್ಲಿ ಬಹುಪಾಲು ನಾಯಕ ಸಮುದಾಯದವರು. ಕಾಡನ್ನು ನೆಚ್ಚಿ ಬಾಳಿದ ಜೇನುಕುರುಬರು ೩೬ ಸಾವಿರ, ಸೋಲಿಗರು ೩೪ ಸಾವಿರದ ಆಸುಪಾಸು, ಕೊರಗರು ೧೫ ಸಾವಿರದ ಒಳಗೆ. ೨೦೦೩ರಲ್ಲಷ್ಟೇ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಯರು ೧೦ ಸಾವಿರದಷ್ಟು. ಇಷ್ಟು ಚಿಕ್ಕ ಸಮುದಾಯಗಳಿಗೆ ಮಾರುಕಟ್ಟೆಯ ಬಲದಿಂದ ಚಿತ್ರ ಹುಟ್ಟುವುದಿಲ್ಲ.

ಇವರ ಕಥೆಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಸೋಲಿಗರ ನೀಲೇಗೌಡ ಮತ್ತು ಸಂಕಮ್ಮ ದಂಪತಿಗಳ ಕಥೆ. ಹೆಣ್ಣಿನ ಮೇಲಿನ ಸಂಶಯವನ್ನೂ ಕಾಡಿನ ಬದುಕನ್ನೂ ಅಷ್ಟು ತೀವ್ರವಾಗಿ ಹೇಳುವ ಭಾಗ ಕನ್ನಡದಲ್ಲಿ ವಿರಳ. ಆದರೆ ಅದನ್ನು ಪರಂಪರೆಯಾಗಿ ಹಾಡಿಕೊಂಡು ಬಂದವರು ಕಂಸಾಳೆಯ ದೇವರಗುಡ್ಡರು. ಸೋಲಿಗರ ಮನೆಯ ಕಥೆಯಲ್ಲಿ ಗೆಲ್ಲುವುದು ಮಾದಪ್ಪನ ಮಹಿಮೆ. ಇದೇ ಕಥೆಯನ್ನು ಸೋಲಿಗ ತರುಣಿಯೊಬ್ಬಳು ತನ್ನ ನುಡಿಯಲ್ಲಿ ಚಿತ್ರವಾಗಿಸಿದರೆ ಸಂಕಮ್ಮ ಹೇಗೆ ಕಾಣುವಳು ಎಂಬುದು ಊಹಿಸಬಹುದಾದ, ಊಹಿಸಬೇಕಾದ ಸಂಗತಿ.

ಜಾನಪದ ಸಂಗ್ರಹಕಾರರ ಋಣ ದೊಡ್ಡದು. ಅವರ ಧ್ವನಿಸುರುಳಿಗಳಿಲ್ಲದಿದ್ದರೆ ಅನೇಕ ಕಾ‌ವ್ಯಗಳು ಉಳಿಯುತ್ತಿರಲಿಲ್ಲ. ಆದರೂ ಹಾಡಿದವರು ‘ವಕ್ತೃ’ಗಳಾಗಿ ಗ್ರಂಥದ ಅನುಬಂಧಕ್ಕೆ ಸರಿದುದೇ ಹೆಚ್ಚು. ಇದಕ್ಕೆ ಒಂದು ಗೌರವದ ಅಪವಾದ ತುಳುನಾಡಿನದು. ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ೧೯೯೦ರಲ್ಲಿ ದಾಖಲಿಸಿ ೧೯೯೮ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯದ ಶೀರ್ಷಿಕೆಯಲ್ಲಿಯೇ ಹಾಡುಗಾರ ಗೋಪಾಲ ನಾಯ್ಕರ ಹೆಸರಿದೆ. ಅಂಕಿತ ಮುಖಪುಟಕ್ಕೆ ಬಂದ ಉದಾಹರಣೆ ಇದು.

ಸ್ವಕಥನದ ಕಡೆಗೆ ಕರ್ನಾಟಕದಲ್ಲಿ ಮೊದಲ ದಾರಿ ತೆರೆದುದು ರಂಗಭೂಮಿ. ೧೯೮೦ರ ದಶಕದಲ್ಲಿ ನೀನಾಸಮ್‌ನ ಆಶ್ರಯದಲ್ಲಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ಮಂಚೀಕೇರಿಯ ಸುತ್ತಿನ ಸಿದ್ದಿಯರು ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪುಜನ ಕೆಂಪು ನೆರಳು’ ನಾಟಕವನ್ನು ಆಡಿದರು. ಆಫ್ರಿಕದ ಮೂಲದವರು ಆಫ್ರಿಕದ ಕಥೆಯನ್ನು ಕನ್ನಡದಲ್ಲಿ ಆಡಿದ ಈ ಪ್ರಯೋಗದ ನಂತರ ಸಿದ್ದಿ ಸಮುದಾಯದಿಂದ ರಂಗಶಿಕ್ಷಣ ಪಡೆದವರ ಒಂದು ಸಾಲೇ ಬಂದಿತು. ೨೦೨೧ರ ‘ಸಲಗ’ ಚಿತ್ರದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದವರು ಹಾಡಿದ ಗೀತೆ ರಾಜ್ಯದಾದ್ಯಂತ ಜನಪ್ರಿಯವಾಯಿತು. ಉದ್ಯಮದ ಚಿತ್ರವಾದುದರಿಂದ ಸಂಕಲನ ಸಿದ್ದಿಯರದಲ್ಲ. ಆದರೆ ದನಿ ಅವರದು, ಹೆಸರೂ ಅವರದೇ.

ಎರಡನೆಯ ದಾರಿ ಸಮುದಾಯ ಬಾನುಲಿ. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತಿತು. ೨೦೦೨ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ ೨೦೦೬ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾನುಲಿ ಕೇಂದ್ರ ನಡೆಸಲು ಅವಕಾಶವಾಯಿತು. ಹತ್ತಾರು ಕಿಲೋಮೀಟರುಗಳಷ್ಟೇ ತಲುಪುವ ಈ ಕೇಂದ್ರಗಳ ಮಿತಿಯೇ ಅವುಗಳ ಗುಣ. ನೆರೆಯವರ ನುಡಿಯಲ್ಲಿ ನೆರೆಯವರಿಗಾಗಿ ಮಾತನಾಡಬೇಕಾಗುತ್ತದೆ. ಕಬಿನಿ ಜಲಾಶಯ ಮತ್ತು ಹುಲಿ ಸಂರಕ್ಷಣೆಯ ಕಾರಣದಿಂದ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳಿರುವ ಪ್ರದೇಶದಲ್ಲಿ, ಸರಗೂರಿನಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ೨೦೧೨ರಲ್ಲಿ ‘ಜನಧ್ವನಿ’ ಕೇಂದ್ರವನ್ನು ಆರಂಭಿಸಿತು. ಗಡಿಯಾಚೆ ವಯನಾಡಿನ ‘ರೇಡಿಯೋ ಮಾಟ್ಟೊಲಿ’ (೨೦೦೯) ಆದಿವಾಸಿ ನುಡಿಗಳಲ್ಲಿ ಕಾರ್ಯಕ್ರಮಗಳನ್ನು ನೀಡಿದೆ. ನೀಲಗಿರಿಯಲ್ಲಿ ಕೀಸ್ಟೋನ್ ಪ್ರತಿಷ್ಠಾನದ ‘ರೇಡಿಯೋ ಕೋತಗಿರಿ’ ಬೆಟ್ಟದ ಸಮುದಾಯಗಳ ನುಡಿಗಳನ್ನು ಬಾನಿಗೇರಿಸಿದೆ. ವಯನಾಡಿನ ನಡವಯಲಿನಲ್ಲಿ ಕೆ.ಜೆ. ಬೇಬಿ ನಡೆಸಿದ ‘ಕನವು’ ಎಂಬ ಪರ್ಯಾಯ ಶಾಲೆಯಲ್ಲಿ ಬೆಳೆದ ಪಣಿಯ ಸಮುದಾಯದ ಲೀಲಾ ಸಂತೋಷ್ ಸಾಕ್ಷ್ಯಚಿತ್ರ ನಿರ್ದೇಶಕಿಯಾದರು.

೬. ನುಡಿಯ ಪ್ರಶ್ನೆ

ಇಲ್ಲಿ ಕನ್ನಡದ ಅಧ್ಯಯನಕಾರರಿಗೆ ವಿಶೇಷವಾಗಿ ಸಂಬಂಧಿಸಿದ ತೊಡಕೊಂದಿದೆ. ವಯನಾಡಿನ ಕಾಟ್ಟುನಾಯ್ಕರು, ನಮ್ಮ ಜೇನುಕುರುಬರು, ಸೋಲಿಗರು, ನೀಲಗಿರಿಯ ಬಡಗರು ಇವರ ನುಡಿಗಳು ಕನ್ನಡಕ್ಕೆ ಅತ್ಯಂತ ಸಮೀಪವಾದುವು. ಇವು ಕನ್ನಡದ ಉಪಭಾಷೆಗಳೋ ಸ್ವತಂತ್ರ ಭಾಷೆಗಳೋ ಎಂಬ ಚರ್ಚೆ ಭಾಷಾವಿಜ್ಞಾನದಲ್ಲಿ ಹಳೆಯದು. ಬರಹದಲ್ಲಿ ಈ ಚರ್ಚೆಗೆ ಬಹುಮಟ್ಟಿಗೆ ಉತ್ತರ ಮೊದಲೇ ನಿರ್ಧಾರವಾಗಿಬಿಡುತ್ತದೆ. ಕನ್ನಡ ಲಿಪಿಯಲ್ಲಿ ಬರೆದೊಡನೆ ಕಾಗುಣಿತ ಕನ್ನಡದ್ದಾಗುತ್ತದೆ, ಸ್ವರಭೇದಗಳು ಅಳಿಯುತ್ತವೆ, ಸಂಪಾದಕನ ಕೈ ತನಗರಿವಿಲ್ಲದೆಯೇ ಪದವನ್ನು ‘ತಿದ್ದು’ತ್ತದೆ. ಧ್ವನಿಮುದ್ರಣದಲ್ಲಿ ಹೀಗಾಗುವುದಿಲ್ಲ. ಉಚ್ಚಾರ, ಉಸಿರು, ತಡೆದು ನಿಲ್ಲುವ ಮೌನ ಎಲ್ಲವೂ ಉಳಿಯುತ್ತವೆ. ಲಿಪಿಯಿಲ್ಲದ ನುಡಿಗಳ ಯುವಜನರಿಗೆ ಪುಸ್ತಕಕ್ಕಿಂತ ಚಿತ್ರವೂ ಧ್ವನಿಯೂ ಹತ್ತಿರವಾಗಿರುವುದಕ್ಕೆ ಇದು ಮುಖ್ಯ ಕಾರಣ.

ಆದರೆ ಚಿತ್ರ ಹೊರಗಿನವರಿಗೆ ತಲುಪಬೇಕಾದಾಗ ತೆರೆಯ ಅಡಿಯಲ್ಲಿ ಅನುವಾದದ ಸಾಲುಗಳು ಬರುತ್ತವೆ. ಆ ಮೂಲಕ ಬರಹ ಹಿಂಬಾಗಿಲಿನಿಂದ ಮರಳುತ್ತದೆ. ಸೋಲಿಗರ ಮಾತಿಗೆ ಶಿಷ್ಟ ಕನ್ನಡದ ಸಾಲುಗಳನ್ನು ಹಾಕಿದರೆ ಪ್ರೇಕ್ಷಕ ಕೇಳುವುದನ್ನು ಬಿಟ್ಟು ಓದತೊಡಗುತ್ತಾನೆ. ಹಾಕದಿದ್ದರೆ, ‘ಅರ್ಥವಾಗುತ್ತದೆ, ಇದೂ ಕನ್ನಡವೇ’ ಎಂದುಕೊಂಡು ಅರ್ಧ ಮಾತ್ರ ಗ್ರಹಿಸುತ್ತಾನೆ. ಎರಡರಲ್ಲಿಯೂ ನಷ್ಟವಿದೆ. ಅನುವಾದದ ಸಾಲು ಬೇಕೇ ಬೇಡವೇ, ಬೇಕಾದರೆ ಯಾವ ಕನ್ನಡದಲ್ಲಿ ಎಂಬುದನ್ನು ಆ ನುಡಿಯಾಡುವವರೇ ನಿರ್ಧರಿಸುವುದು ನ್ಯಾಯ.

ಈ ನ್ಯಾಯವನ್ನು ಅರಿಯಲು ಚೆಂಬೂರಿನ ಕನ್ನಡಿಗರಿಗೆ ಕಷ್ಟವಾಗಬಾರದು. ಅಲ್ಲಿನ ಕರ್ನಾಟಕ ಸಂಘ ಸಭೆ ಸಮಾರಂಭಗಳನ್ನಷ್ಟೇ ನಡೆಸದೆ ವಿದ್ಯಾಸಂಸ್ಥೆಯನ್ನೂ ಕಟ್ಟಿ ಬೆಳೆಸಿತು. ಮರಾಠಿ, ಹಿಂದಿಗಳ ನಡುವೆ ಕನ್ನಡವನ್ನು ಮಕ್ಕಳ ಬಾಯಲ್ಲಿ ಉಳಿಸುವ ಶ್ರಮವನ್ನು ಮುಂಬಯಿ ಕನ್ನಡಿಗರು ತಲೆಮಾರುಗಳಿಂದ ಬಲ್ಲರು. ಚೆಂಬೂರಿನಲ್ಲಿ ಕನ್ನಡ ಚಿಕ್ಕ ಭಾಷೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅದೇ ಕನ್ನಡ ದೊಡ್ಡ ಭಾಷೆ. ಒಂದೆಡೆ ನಾವು ಬೇಡುವ ಅವಕಾಶವನ್ನು ಇನ್ನೊಂದೆಡೆ ನಾವು ನೀಡಬೇಕಾಗುತ್ತದೆ. ಹೊರನಾಡಿನ ಸಂಶೋಧಕನಿಗೆ ಈ ಎರಡೂ ಸ್ಥಿತಿಗಳು ಒಟ್ಟಿಗೆ ಕಾಣುತ್ತವೆ. ಅದು ಅವನಿಗಿರುವ ಅನುಕೂಲ.

೭. ಸಂಶೋಧಕರ ಹೊಣೆ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ತೀರ್ಮಾನಗಳು ಹೊರಡುತ್ತವೆ. ಮೊದಲನೆಯದಾಗಿ, ಆದಿವಾಸಿ ಯುವಜನರ ಚಿತ್ರ ಅಥವಾ ಧ್ವನಿಮುದ್ರಣವನ್ನು ಆಕರವಾಗಿ ಬಳಸುವಾಗ ಅದನ್ನು ಮಾಹಿತಿಯೆಂದಲ್ಲ, ಕೃತಿಯೆಂದು ಉಲ್ಲೇಖಿಸಬೇಕು. ಕವಿಯ ಹೆಸರಿಲ್ಲದೆ ಕಾವ್ಯವನ್ನು ಉಲ್ಲೇಖಿಸದ ನಾವು ಹಾಡುಗಾರ್ತಿಯ ಹೆಸರಿಲ್ಲದೆ ಹಾಡನ್ನು ಉಲ್ಲೇಖಿಸುವುದು ಯಾವ ನ್ಯಾಯ? ಎರಡನೆಯದಾಗಿ, ಕಾನೂನು ಈಗ ಈ ಗೌರವದ ಪರವಾಗಿದೆ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೯೪ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ೧೯೯೯ರಲ್ಲಿ ಅದರ ಅವಧಿ ೫೦ ವರ್ಷಗಳಿಗೆ ವಿಸ್ತರಿಸಿತು. ೨೦೧೨ರ ತಿದ್ದುಪಡಿ ಪ್ರದರ್ಶಕರಿಗೆ ತಮ್ಮ ಹೆಸರಿನಿಂದ ಗುರುತಿಸಲ್ಪಡುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿತು. ಆದರೆ ತನ್ನ ಪ್ರದರ್ಶನವನ್ನು ಚಲನಚಿತ್ರದಲ್ಲಿ ಸೇರಿಸಲು ಲಿಖಿತ ಒಪ್ಪಿಗೆ ಕೊಟ್ಟವನು, ಬೇರೆ ಷರತ್ತು ಇಲ್ಲದಿದ್ದರೆ, ನಿರ್ಮಾಪಕನ ಬಳಕೆಯನ್ನು ಆಕ್ಷೇಪಿಸಲಾಗುವುದಿಲ್ಲ. ಆದುದರಿಂದ ಒಪ್ಪಿಗೆ ಪತ್ರದ ಭಾಷೆ ಹಾಡುವವರಿಗೆ ತಿಳಿಯುವಂತಿರಬೇಕು. ಷರತ್ತುಗಳನ್ನು ಓದಿ ಹೇಳಬೇಕು.

ಮೂರನೆಯದಾಗಿ, ಮುದ್ರಿಕೆ ಎಲ್ಲಿ ಉಳಿಯುತ್ತದೆ ಎಂಬುದು ಮುಖ್ಯ. ತಾಳೆಯೋಲೆಗಳು ಮಠ ಮನೆಗಳಿಂದ ಗ್ರಂಥಾಲಯಗಳಿಗೆ ಬಂದುದರಿಂದ ಅವು ಉಳಿದುವು, ನಿಜ. ಆದರೆ ಅವು ಬಂದ ಊರಿನಲ್ಲಿ ಅನೇಕ ವೇಳೆ ಒಂದು ಪ್ರತಿಯೂ ಉಳಿಯಲಿಲ್ಲ. ಓಲೆಯನ್ನು ಪ್ರತಿ ಮಾಡಲು ತಿಂಗಳುಗಳು ಬೇಕಾಗುತ್ತಿದ್ದುವು. ಧ್ವನಿಯನ್ನು ಪ್ರತಿ ಮಾಡಲು ಇಂದು ನಿಮಿಷಗಳು ಸಾಕು. ಹಾಡಿನ ಊರಿಗೆ ಒಂದು ಪ್ರತಿ ಮರಳದಿರುವುದಕ್ಕೆ ಈಗ ನೆಪವಿಲ್ಲ. ಕೆಲವು ಹಾಡುಗಳು ಸಾವಿನ ಮನೆಗೆ, ಕೆಲವು ದೇವರ ಬನಕ್ಕೆ ಮಾತ್ರ ಸೇರಿದುವು; ಅಂಥವು ಎಲ್ಲರಿಗೂ ಕೇಳಿಸಬೇಕೇ ಎಂಬುದನ್ನು ತೀರ್ಮಾನಿಸುವ ಹಕ್ಕೂ ಆ ಊರಿನದೇ. ಹೇಳುವ ಹಕ್ಕಿನೊಳಗೆ ಹೇಳದಿರುವ ಹಕ್ಕೂ ಸೇರಿದೆ.

ಅರಿಜೋನಾದ ಆ ಪ್ರಯೋಗ ಆರಂಭವಾಗುವ ಮೊದಲು ನವಾಹೋ ಹಿರಿಯನೊಬ್ಬ, ಚಿತ್ರ ತೆಗೆಯುವುದರಿಂದ ಕುರಿಗಳಿಗೇನಾದರೂ ಒಳಿತಾಗುವುದೇ ಎಂದು ಕೇಳಿದನಂತೆ. ಸಂಶೋಧಕರು ನಗಬೇಕಾದ ಪ್ರಶ್ನೆ ಇದಲ್ಲ. ಮಲೆಯಂಚಿನ ಹಾಡಿಯಲ್ಲಿ ನಾವು ಧ್ವನಿಯಂತ್ರವನ್ನು ತೆರೆದಿಡುವಾಗ, ಅಲ್ಲಿನ ಹಿರಿಯರು ಜೇನಿನ ಬಗೆಗೂ ಕಾಡಿನ ಬಗೆಗೂ ಮಕ್ಕಳ ಬಗೆಗೂ ಇದೇ ಪ್ರಶ್ನೆಯನ್ನು ಕೇಳಲು ಅರ್ಹರು. ಅದಕ್ಕೆ ಉತ್ತರವನ್ನು ಆ ಹಾಡಿಯ ಮಕ್ಕಳೇ ತಮ್ಮ ದನಿಯಲ್ಲಿ, ತಮ್ಮ ಸಂಕಲನದಲ್ಲಿ, ತಮ್ಮ ಅಂಕಿತದಲ್ಲಿ ಕೊಡುವಂತಾಗುವವರೆಗೆ ನಮ್ಮ ಕೆಲಸ ಯಂತ್ರವನ್ನು ಅವರ ಕೈಗೆ ದಾಟಿಸುವುದು, ಬಳಿಕ ಕುಳಿತು ಕೇಳುವುದು.